ಪ್ಯಾಲೆಟ್ ಸರಕನ್ನು ಟರ್ಮಿನಲ್‌ಗೆ ನಾವೇ ಒಯ್ಯುವುದೋ, ಅವರೇ ಬಂದು ಒಯ್ಯಲೋ?

ತಿಂಗಳಿಗೆ ಎರಡೋ ಮೂರೋ ಪ್ಯಾಲೆಟ್ (ಪೆಟ್ಟಿಗೆಗಳನ್ನು ಪೇರಿಸಿ ಕಟ್ಟುವ ಹಲಗೆಯ ಚೌಕಟ್ಟು) ಸರಕನ್ನು ಪುಣೆಗೋ ಹುಬ್ಬಳ್ಳಿಗೋ ಕೊಯಮತ್ತೂರಿಗೋ ಕಳುಹಿಸುವ ಸಣ್ಣ ಕಾರ್ಖಾನೆಯವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿರುತ್ತಾರೆ. ಸಾಗಣೆ ಸಂಸ್ಥೆಯ ಗಾಡಿ ನಮ್ಮ ಬಾಗಿಲಿಗೆ ಬರಲೆಂದು ಕಾಯುವುದೋ, ನಮ್ಮದೇ ಗಾಡಿಯಲ್ಲಿ ಅವರ ಟರ್ಮಿನಲ್‌ಗೆ, ಅಂದರೆ ದೂರದೂರಿನ ಲಾರಿಗಳು ಹೊರಡುವ ಗೋದಾಮಿಗೆ, ಒಯ್ದು ಒಪ್ಪಿಸುವುದೋ, ಬಾಡಿಗೆ ಟೆಂಪೊ ಹಿಡಿಯುವುದೋ, ಅಥವಾ ಈ ಗೊಡವೆಯೇ ಬೇಡವೆಂದು ತಲುಪಬೇಕಾದ ಊರಿನವರೆಗೆ ಪೂರ್ತಿ ಲಾರಿಯನ್ನೇ ಗೊತ್ತುಮಾಡುವುದೋ? ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಘಟಕದಲ್ಲಿ ರವಾನೆಯ ಕೆಲಸ ನೋಡಿಕೊಂಡ ವರ್ಷಗಳಲ್ಲಿ ಈ ನಾಲ್ಕನ್ನೂ ಮಾಡಿ ನೋಡಿದ್ದೇನೆ. ಎಲ್ಲ ಸರಕಿಗೂ ಒಪ್ಪುವ ದಾರಿ ಇವುಗಳಲ್ಲಿ ಒಂದೂ ಇಲ್ಲ. ಆದರೆ ಕಿಲೋ ಲೆಕ್ಕದ ದರವನ್ನು ಮೊದಲು ಕೇಳಿ, ಉಳಿದದ್ದನ್ನು ಆಮೇಲೆ ಯೋಚಿಸುವವರು ಪೆಟ್ಟು ತಿನ್ನುವುದನ್ನು ಬೇಕಾದಷ್ಟು ಕಂಡಿದ್ದೇನೆ. ಮೊದಲು ಕೇಳಿಕೊಳ್ಳಬೇಕಾದದ್ದು ಪ್ಯಾಲೆಟ್ ಎಷ್ಟು ಬಾರಿ ನೆಲದಿಂದ ಮೇಲೇಳುತ್ತದೆ, ಪ್ರತಿ ಬಾರಿಯೂ ಅದನ್ನು ಎತ್ತುವುದು ಯಂತ್ರವೋ ಮನುಷ್ಯರೋ ಎಂಬುದನ್ನು.

ಯಾವುದನ್ನು ಅಳೆಯಬೇಕು

ಸಾಮಾನು ತುಂಬಿದ ಪ್ಯಾಲೆಟ್ ಮುನ್ನೂರು ಕಿಲೋದಿಂದ ಒಂದು ಟನ್‌ವರೆಗೆ ತೂಗಬಹುದು. ಹೆಚ್ಚಿನ ಸಣ್ಣ ಘಟಕಗಳಲ್ಲಿ ಇರುವ ಕೈಯಿಂದ ಎಳೆಯುವ ಪ್ಯಾಲೆಟ್ ಟ್ರಕ್ ಅದನ್ನು ನೆಲದ ಮೇಲೆ ಸರಾಗವಾಗಿ ಓಡಾಡಿಸುತ್ತದೆಯೇ ಹೊರತು ಒಂದು ಗೇಣಿಗಿಂತ ಮೇಲೆ ಎತ್ತಲಾರದು. ಗಾಡಿಗೆ ಏರಿಸಲು ಫೋರ್ಕ್‌ಲಿಫ್ಟ್ ಬೇಕು, ಇಲ್ಲವೇ ಗಾಡಿಯ ತಳಕ್ಕೆ ಸಮನಾದ ಎತ್ತರದ ಕಟ್ಟೆ ಬೇಕು. ಆದ್ದರಿಂದ ಮೊದಲ ಮಾನದಂಡ ಎರಡು ತುದಿಗಳಲ್ಲಿಯೂ ಎತ್ತುವ ಸಾಧನ ಇದೆಯೇ ಎಂಬುದು. ನಿಮ್ಮಲ್ಲಿಲ್ಲದೆ ಟರ್ಮಿನಲ್‌ನಲ್ಲಿ ಮಾತ್ರ ಇದ್ದರೆ ಒಂದು ಉಪಾಯವುಂಟು: ಖಾಲಿ ಪ್ಯಾಲೆಟ್ಟನ್ನು ಮೊದಲು ಟೆಂಪೊ ಮೇಲಿಟ್ಟು, ಪೆಟ್ಟಿಗೆಗಳನ್ನು ಒಂದೊಂದಾಗಿ ಅದರ ಮೇಲೆ ಜೋಡಿಸಿ, ಅಲ್ಲಿಯೇ ಪ್ಲಾಸ್ಟಿಕ್ ಹಾಳೆ ಸುತ್ತಿ ಪಟ್ಟಿ ಬಿಗಿಯುವುದು. ಇಬ್ಬರು ಹುಡುಗರಿಗೆ ಒಂದು ಗಂಟೆಯ ಕೆಲಸವಾದರೂ, ಆ ಪ್ಯಾಲೆಟ್ ಮುಂದೆ ಎಲ್ಲಿಯೂ ಬಿಚ್ಚಿಕೊಳ್ಳುವುದಿಲ್ಲ.

ಎರಡನೆಯದು ತೂಕವಲ್ಲ, ಗಾತ್ರ. ರಸ್ತೆ ಸಾಗಣೆ ಸಂಸ್ಥೆಗಳು ನಿಜವಾದ ತೂಕ ಮತ್ತು ಗಾತ್ರದಿಂದ ಬರುವ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ಹಾಕುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 27,000ದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಒಪ್ಪಂದದಲ್ಲಿರುವ ಘನ ಅಡಿಯ ಗುಣಕದಿಂದ (ಒಂದು ಘನ ಅಡಿಗೆ ಇಷ್ಟು ಕಿಲೋ ಎಂಬ ಲೆಕ್ಕ) ಗುಣಿಸುವುದು ರೂಢಿ. ಈ ಗುಣಕ ಸಾಮಾನ್ಯವಾಗಿ 6ರಿಂದ 10ರ ನಡುವೆ ಇರುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ 1,200 ಮಿ.ಮೀ. ಉದ್ದ, 1,000 ಮಿ.ಮೀ. ಅಗಲದ ಪ್ಯಾಲೆಟ್ ಮೇಲೆ ಸರಕನ್ನು 120 ಸೆಂ.ಮೀ. ಎತ್ತರಕ್ಕೆ ಪೇರಿಸಿದರೆ, ಗುಣಕ 6 ಆದಾಗ ಅದು 320 ಕಿಲೋ, ಗುಣಕ 10 ಆದಾಗ 533 ಕಿಲೋ. ಅದೇ ಪ್ಯಾಲೆಟ್, ಅದೇ ದಾರಿ, ಅದೇ ಕಿಲೋ ದರ. ಆದರೂ ಬಿಲ್ಲಿನಲ್ಲಿ ಮೂರನೇ ಎರಡು ಭಾಗದಷ್ಟು ಏರಿಕೆ. ದರ ಕೇಳುವಾಗ ಗುಣಕವನ್ನು ಕೇಳದೆ ಫೋನಿಡುವವರನ್ನು ಕಂಡರೆ ನನಗೆ ಈಗಲೂ ಅಯ್ಯೋ ಎನ್ನಿಸುತ್ತದೆ. ಪ್ಯಾಲೆಟ್ಟಿನ ಅಂಚಿನಿಂದ ಪೆಟ್ಟಿಗೆ ಎರಡು ಅಂಗುಲ ಹೊರಚಾಚಿದರೂ ಅಳತೆ ಹಿಡಿಯುವುದು ಆ ಚಾಚಿದ ತುದಿಯಿಂದಲೇ. ಟರ್ಮಿನಲ್‌ನಲ್ಲಿ ಅಳೆಯುವಾಗ ನೀವು ಪಕ್ಕದಲ್ಲಿದ್ದರೆ ತಕರಾರು ಅಲ್ಲಿಯೇ ಮುಗಿಯುತ್ತದೆ. ಇಲ್ಲದಿದ್ದರೆ ಪರಿಷ್ಕೃತ ತೂಕವೆಂದು ತಿಂಗಳ ಕೊನೆಯ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ಸಮಯ ಮೂರನೆಯದು. ಹಗಲಿನ ದಟ್ಟಣೆಯ ಗಂಟೆಗಳಲ್ಲಿ ನಗರದೊಳಗೆ ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ದೂರದೂರಿನ ಲಾರಿಗಳು ಹೆಚ್ಚಾಗಿ ರಾತ್ರಿಯೇ ಹೊರಡುತ್ತವೆ. ಆ ಲಾರಿಗೆ ಏರಬೇಕಾದ ಸರಕನ್ನು ಸಂಜೆ ಇಂತಿಷ್ಟು ಗಂಟೆಯೊಳಗೆ ಒಪ್ಪಿಸಬೇಕೆಂಬ ಗಡುವು ಪ್ರತಿ ಟರ್ಮಿನಲ್‌ಗೂ ಇರುತ್ತದೆ. ಕಾಗದಪತ್ರ ಮತ್ತು ನಷ್ಟದ ಹೊಣೆ ಉಳಿದ ಎರಡು ಮಾನದಂಡಗಳು. ಇವುಗಳಿಗೆ ಮುಂದೆ ಹೆಚ್ಚು ಜಾಗ ಬೇಕಾಗುತ್ತದೆ. ಹಣವನ್ನು ನಾನು ಉದ್ದೇಶಪೂರ್ವಕವಾಗಿಯೇ ಕೊನೆಗಿಟ್ಟಿದ್ದೇನೆ, ಏಕೆಂದರೆ ಇವಿಷ್ಟಕ್ಕೂ ಉತ್ತರ ದೊರೆತ ಮೇಲೆಯೇ ನಿಜವಾದ ಖರ್ಚು ಎಷ್ಟೆಂದು ಗೊತ್ತಾಗುವುದು.

ಸಂಸ್ಥೆಯ ಗಾಡಿಯೇ ಬಾಗಿಲಿಗೆ ಬಂದರೆ

ಕಡಿಮೆ ತಲೆನೋವಿನ ದಾರಿ ಇದು. ನಗರದ ಮಿತಿಯೊಳಗೆ ಅನೇಕ ಸಂಸ್ಥೆಗಳು ಎತ್ತಿಕೊಂಡು ಹೋಗುವ ಖರ್ಚನ್ನು ಬಾಡಿಗೆಯಲ್ಲಿಯೇ ಸೇರಿಸಿರುತ್ತವೆ. ನಗರದಿಂದ ಹೊರಗಿರುವ ಬಡಾವಣೆಗಳಿಗೆ ಹೊರವಲಯದ ಶುಲ್ಕ ಬೇರೆ. ಅದರ ಜೊತೆಗೆ ಡಾಕೆಟ್ (ಬುಕಿಂಗ್ ಚೀಟಿ) ಶುಲ್ಕ, ಇಂಧನದ ಹೆಚ್ಚುವರಿ, ಭಾರವಾದ ಒಂಟಿ ಸರಕಿಗೆ ನಿರ್ವಹಣೆಯ ಶುಲ್ಕ ಇವೆಲ್ಲ ಸೇರಿಕೊಳ್ಳುತ್ತವೆ.

ಇದರ ಕೊರತೆ ಕಣ್ಣಿಗೆ ಬೀಳದ ಕಡೆಯಲ್ಲಿದೆ. ಬಾಗಿಲಿಗೆ ಬರುವ ಗಾಡಿ ಹತ್ತು ಕಡೆ ಸುತ್ತಿ ಹತ್ತು ಜನರ ಸರಕನ್ನು ತುಂಬಿಕೊಂಡು ಮೊದಲು ಸ್ಥಳೀಯ ಶಾಖೆಗೆ ಹೋಗುತ್ತದೆ. ಅಲ್ಲಿ ಇಳಿದು, ಮತ್ತೆ ಏರಿ, ನೆಲಮಂಗಲದ ಕಡೆಯ ದೊಡ್ಡ ಗೋದಾಮಿಗೋ ಹೊಸೂರು ರಸ್ತೆಯ ಕಡೆಯದಕ್ಕೋ ಹೋಗಿ, ಅಲ್ಲಿ ಮತ್ತೊಮ್ಮೆ ಇಳಿದು ಏರುತ್ತದೆ. ಪ್ರತಿಯೊಂದು ಇಳಿಸುವಿಕೆಯೂ ಒಂದು ಅಪಾಯ. ಸಂಜೆಯ ಲಾರಿ ತಪ್ಪಿದರೆ ಒಂದು ದಿನವೂ ಹೋಗುತ್ತದೆ. ಇನ್ನೊಂದು ತೊಂದರೆ ಗಾಡಿ ಯಾವುದು ಬರುತ್ತದೆ ಎಂಬುದು. ಪ್ಯಾಲೆಟ್ ಎಂದು ಮೊದಲೇ ತಿಳಿಸಿದ್ದರೂ ನಾಲ್ಕೂ ಕಡೆ ಮುಚ್ಚಿದ ಗಾಡಿ ಬಂದು ನಿಂತರೆ, ಫೋರ್ಕ್‌ಲಿಫ್ಟ್ ಇದ್ದೂ ಪ್ರಯೋಜನ ಕಡಿಮೆ. ಮೊದಲ ಪ್ಯಾಲೆಟ್ಟನ್ನು ಹಿಂಬಾಗಿಲಲ್ಲಿ ಇಡಬಹುದು, ಆದರೆ ಒಳಗೆ ಸರಿಸಲು ಗಾಡಿಯೊಳಗೇ ಒಂದು ಪ್ಯಾಲೆಟ್ ಟ್ರಕ್ ಬೇಕು. ಎರಡನೆಯದರಿಂದ ಮೊದಲನೆಯದನ್ನು ತಳ್ಳುವ ಕೆಟ್ಟ ಅಭ್ಯಾಸದಿಂದ ಹಿಂದಿನ ಸಾಲಿನ ಪೆಟ್ಟಿಗೆಗಳು ಒಳಕ್ಕೆ ಜಜ್ಜಿಹೋಗುತ್ತವೆ, ಮತ್ತು ಅದು ತಲುಪುವ ಊರಿನಲ್ಲಿ ಹಾಳೆ ಬಿಚ್ಚಿದಾಗಲೇ ತಿಳಿಯುವುದು.

ನಿಮ್ಮ ಬಳಿ ಫೋರ್ಕ್‌ಲಿಫ್ಟ್ ಇದ್ದು, ಸರಕಿಗೆ ಒಂದು ದಿನ ತಡವಾದರೂ ಚಿಂತೆಯಿಲ್ಲದಿದ್ದು, ತಿಂಗಳಿಗೆ ಹತ್ತಾರು ಪ್ಯಾಲೆಟ್ ಕಳುಹಿಸುವುದರಿಂದ ದರದಲ್ಲಿ ಚೌಕಾಸಿ ಮಾಡುವ ಬಲವೂ ನಿಮಗಿದ್ದರೆ, ಬೇರೆ ಯೋಚನೆ ಬೇಡ.

ನಮ್ಮದೇ ಗಾಡಿಯಲ್ಲಿ ಒಯ್ದರೆ

ಮನೆಯ ಗಾಡಿಗೆ ಬಾಡಿಗೆಯಿಲ್ಲ ಎಂಬ ಭ್ರಮೆಯಿಂದ ಹೊರಬರುವುದು ಇಲ್ಲಿ ಮೊದಲ ಕೆಲಸ. ಡೀಸೆಲ್, ಸುಂಕ, ಖಾಲಿ ಮರಳುವಿಕೆ, ಟರ್ಮಿನಲ್ ಗೇಟಿನ ಮುಂದೆ ಸಾಲಿನಲ್ಲಿ ಕಾಯುವಾಗ ಚಾಲಕನಿಗೂ ಜೊತೆಯವನಿಗೂ ಕೊಡುವ ಅರ್ಧ ದಿನದ ಸಂಬಳ, ಆ ಅರ್ಧ ದಿನ ಗಾಡಿ ಮಾಡಬಹುದಾಗಿದ್ದ ಬೇರೆ ಕೆಲಸ ಇವೆಲ್ಲವನ್ನೂ ಕೂಡಿಸಿದ ಮೇಲೆ, ಒಂದೇ ಪ್ಯಾಲೆಟ್ಟಿಗಾಗಿ ಹೋಗುವುದು ಹೆಚ್ಚಿನ ಸಂದರ್ಭಗಳಲ್ಲಿ ಗಿಟ್ಟುವುದಿಲ್ಲ. ಮೂರು ನಾಲ್ಕು ಪ್ಯಾಲೆಟ್ ಒಟ್ಟಿಗೆ ಸೇರಿದಾಗ, ಅಥವಾ ಅದೇ ದಾರಿಯಲ್ಲಿ ಕಚ್ಚಾ ಸಾಮಗ್ರಿ ತುಂಬಿಕೊಂಡು ಮರಳುವಂತಿದ್ದಾಗ ಲೆಕ್ಕ ತಿರುಗುತ್ತದೆ.

ಗಾಡಿಯ ಅಳತೆಯೂ ಪ್ಯಾಲೆಟ್ಟಿನ ಅಳತೆಯೂ ಕೂಡಿಬರುವುದು ಅಪರೂಪ. ಟಾಟಾ ಏಸ್‌ನಂಥ ಸಣ್ಣ ಗಾಡಿಯ ತಳ ಸುಮಾರು ಏಳು ಅಡಿ ಉದ್ದ, ಐದು ಅಡಿಗೆ ತುಸು ಕಡಿಮೆ ಅಗಲ. ಜಾಗದ ಲೆಕ್ಕದಲ್ಲಿ ಎರಡು ಪ್ಯಾಲೆಟ್ ಒಂದರ ಹಿಂದೊಂದು ಕೂರುತ್ತವೆ. ಆದರೆ ಅದು ಹೊರಬಹುದಾದ ಭಾರ ಮುಕ್ಕಾಲು ಟನ್ ಆಸುಪಾಸು, ಹೀಗಾಗಿ ತಲಾ ಐನೂರು ಕಿಲೋದ ಎರಡನ್ನು ಹೇರಿದರೆ ಕಾನೂನು ಮೀರಿದಂತೆಯೇ. ಒಂದು ಟನ್‌ಗಿಂತ ಹೆಚ್ಚು ಹೊರುವ ಪಿಕಪ್ ಗಾಡಿಗಳು ಉದ್ದವೂ ಬಲವೂ ಇದ್ದವಾದರೂ ಅಗಲ ಸಾಲದ ಕಾರಣ ಅಲ್ಲಿಯೂ ಹೆಚ್ಚಾಗಿ ಎರಡೇ ಪ್ಯಾಲೆಟ್. ಅಕ್ಕಪಕ್ಕ ಎರಡು ಇಡಬೇಕಾದರೆ ಒಳ ಅಗಲ ಕನಿಷ್ಠ ಆರು ಅಡಿ ಏಳು ಅಂಗುಲವಾದರೂ ಇರಬೇಕು. ಹದಿನಾಲ್ಕು ಅಡಿಯ ಲಾರಿಯಲ್ಲಿ ಈ ಅಗಲ ಸಿಕ್ಕರೆ ಆರು ಪ್ಯಾಲೆಟ್, ಒಂದು ಅಂಗುಲ ಕಡಿಮೆಯಾದರೆ ನಾಲ್ಕೇ. ಆದ್ದರಿಂದ ಕಾಗದದ ಮೇಲಿನ ವಿವರಕ್ಕಿಂತ ಟೇಪು ಹಿಡಿದು ಅಳೆಯುವುದನ್ನೇ ನಂಬುವುದು ಕ್ಷೇಮ. ಭಾರ ಮೀರಿ ಹೇರಿದ್ದಕ್ಕೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್‌ಗೆ 2,000 ರೂಪಾಯಿ ಬೇರೆ. ಚಾಲಕನ ವಿಚಾರದಲ್ಲಿ ಮಾತ್ರ ಈಗ ನಿರಾಳವಿದೆ: ಲಘು ಮೋಟಾರು ವಾಹನದ ಪರವಾನಗಿ ಇರುವವರು 7,500 ಕಿಲೋ ಒಟ್ಟು ತೂಕದವರೆಗಿನ ಸರಕು ವಾಹನವನ್ನು ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಎತ್ತಿಹಿಡಿದಿದೆ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಕೂಡ ಬೇಕಿಲ್ಲ.

ಇಷ್ಟೆಲ್ಲ ಖರ್ಚು ಮಾಡಿ ನಾವೇ ಒಯ್ದಾಗ ಸಿಗುವುದೇನು? ಹತೋಟಿ. ಸ್ಥಳೀಯ ಶಾಖೆಯನ್ನು ದಾಟಿ ನೇರವಾಗಿ ದೊಡ್ಡ ಗೋದಾಮಿಗೆ ಒಪ್ಪಿಸಿದರೆ ಒಂದು ಇಳಿಸಿ ಏರಿಸುವ ಕೆಲಸ ತಪ್ಪುತ್ತದೆ, ಅನೇಕ ಸಲ ಒಂದು ದಿನವೂ ಉಳಿಯುತ್ತದೆ. ಕಾಗದದಲ್ಲಿ ತಪ್ಪಿದ್ದರೆ ಕಿಟಕಿಯ ಮುಂದೆಯೇ ತಿದ್ದಬಹುದು, ಹಾಳೆ ಹರಿದಿದ್ದರೆ ಅಲ್ಲಿಯೇ ಮತ್ತೊಂದು ಸುತ್ತು ಹಾಕಬಹುದು. ಸರಕು ಗಟ್ಟಿಯಾಗಿಯೇ ಕೈಸೇರಿತೆಂಬುದಕ್ಕೆ ದಿನಾಂಕ ಬಿದ್ದ ಫೋಟೊ ತೆಗೆದಿಟ್ಟುಕೊಳ್ಳಬಹುದು. ಆದರೆ ದಾರಿಯನ್ನು ಹಗುರವಾಗಿ ಎಣಿಸಬಾರದು. 2021ರ ಕೊನೆಯಲ್ಲಿ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು, 2024ರವರೆಗೆ ಭಾರಿ ವಾಹನಗಳನ್ನು ಕೆಳಗಿನ ರಸ್ತೆಯಲ್ಲಿಯೇ ಓಡಿಸಿದ ದಿನಗಳಲ್ಲಿ, ಗೊರಗುಂಟೆಪಾಳ್ಯ ದಾಟುವುದರೊಳಗೆ ಗಡುವು ಮುಗಿದು ಸರಕನ್ನು ಮರಳಿ ತಂದದ್ದು ನನಗೆ ನೆನಪಿದೆ. ಈಗಲೂ ಸಂಜೆ ಐದರ ಗಡುವಿಗೆ ಮಧ್ಯಾಹ್ನ ಮೂರೂವರೆಗೆ ಹೊರಟರಾಯಿತು ಎನ್ನುವವರು ಈ ಊರಿಗೆ ಹೊಸಬರಾಗಿರಬೇಕು.

ಬಾಡಿಗೆ ಟೆಂಪೊ

ಸ್ವಂತ ಗಾಡಿ ಇಲ್ಲದವರಿಗೆ ನಡುದಾರಿ ಇದೇ. ಪೋರ್ಟರ್‌ನಂಥ ಆ್ಯಪ್‌ಗಳಿಂದ ಗಾಡಿ ಬೇಗ ಸಿಗುತ್ತದೆ, ದರವೂ ಮೊದಲೇ ತಿಳಿಯುತ್ತದೆ. ಆದರೆ ಏರಿಸಲು ಇಳಿಸಲು ಕೊಟ್ಟ ಸಮಯ ಮೀರಿದರೆ ಕಾಯುವ ಶುಲ್ಕ ಓಡತೊಡಗುತ್ತದೆ. ಟರ್ಮಿನಲ್ ಗೇಟಿನಲ್ಲಿ ಸಾಲು ಉದ್ದವಿದ್ದ ದಿನ ಈ ಶುಲ್ಕವೇ ಬಾಡಿಗೆಯನ್ನು ಹಿಂದಿಕ್ಕಬಹುದು. ಬಡಾವಣೆಯ ಸ್ಟ್ಯಾಂಡಿನಲ್ಲಿ ಪರಿಚಯದ ಟೆಂಪೊದವರಿದ್ದರೆ ಇಡೀ ಮಧ್ಯಾಹ್ನಕ್ಕೆ ಮಾತಾಡಿಕೊಳ್ಳುವುದು ನನಗೆ ಹೆಚ್ಚು ಅನುಕೂಲವೆನ್ನಿಸಿದೆ. ಸಾಗಣೆ ರಸೀದಿ ಕೊಡದ ಒಬ್ಬ ಟೆಂಪೊ ಮಾಲೀಕರ ಬಾಡಿಗೆಗೆ ಜಿಎಸ್‌ಟಿ ಇಲ್ಲವೆಂಬುದೂ ಲೆಕ್ಕಕ್ಕೆ ಬರಬೇಕು. ರಸೀದಿ ಕೊಡುವ ಸಾಗಣೆ ಸಂಸ್ಥೆ ತಾನೇ ತೆರಿಗೆ ಕಟ್ಟುವ ಕ್ರಮವನ್ನು ಆರಿಸಿಕೊಂಡಿರದಿದ್ದರೆ, ಬಾಡಿಗೆ ಕೊಡುವ ನೋಂದಾಯಿತ ವ್ಯಾಪಾರಿಯೇ ಶೇ. 5ರಷ್ಟು ತೆರಿಗೆಯನ್ನು ತುಂಬಬೇಕಾಗುತ್ತದೆ.

ಗಾಡಿ ಹೇಳುವಾಗ ತೆರೆದ ಗಾಡಿಯನ್ನೇ ಕೇಳಿ. ಪಕ್ಕದ ಹಲಗೆ ಇಳಿಸಿದರೆ ಫೋರ್ಕ್‌ಲಿಫ್ಟ್ ಬದಿಯಿಂದಲೇ ಎತ್ತಿಕೊಳ್ಳುತ್ತದೆ. ದೊಡ್ಡ ಲಾರಿಗಳಿಗೆಂದು ಕಟ್ಟಿದ ಎತ್ತರದ ಕಟ್ಟೆಗೆ ಈ ಸಣ್ಣ ಗಾಡಿಯ ತಳ ಹೇಗೂ ಎಟುಕುವುದಿಲ್ಲ. ಮಳೆಗಾಲದಲ್ಲಿ ಇದಕ್ಕೆ ತೆರುವ ಬೆಲೆಯೆಂದರೆ ಟಾರ್ಪಾಲು ಮತ್ತು ಆತಂಕ.

ಎಲ್ಲಿಗೆ ಒಯ್ಯುತ್ತೀರಿ ಎಂಬುದು ಗಾಡಿಗಿಂತ ಮುಖ್ಯ. ಕಲಾಸಿಪಾಳ್ಯ, ತರಗುಪೇಟೆಯ ಕಡೆಯ ಹಳೆಯ ಬುಕಿಂಗ್ ಕಚೇರಿಗಳು ಮೂಟೆ, ಪೆಟ್ಟಿಗೆಗಳ ವ್ಯವಹಾರಕ್ಕೆ ಬೆಳೆದವು. ಅಲ್ಲಿನ ಇಕ್ಕಟ್ಟಿನಲ್ಲಿ ಫೋರ್ಕ್‌ಲಿಫ್ಟ್ ತಿರುಗಲು ಜಾಗವಿಲ್ಲ. ಒಮ್ಮೆ ಹತ್ತಿರವಾಯಿತೆಂದು ಪೇಟೆಯ ಅಂಥ ಒಂದು ಕಚೇರಿಗೆ ಪ್ಯಾಲೆಟ್ ಕಳುಹಿಸಿದ್ದೆ. ಹಮಾಲರು ಹಾಳೆ ಕತ್ತರಿಸಿ ನಲವತ್ತೆಂಟು ಪೆಟ್ಟಿಗೆಗಳನ್ನೂ ಕೈಯಿಂದಲೇ ಇಳಿಸಿದರು. ಅವರದೇನೂ ತಪ್ಪಿಲ್ಲ, ಬೇರೆ ದಾರಿಯಿರಲಿಲ್ಲ. ಎಲ್‌ಆರ್‌ನಲ್ಲಿ (ಸಾಗಣೆ ರಸೀದಿಯಲ್ಲಿ) ಮಾತ್ರ ‘ಒಂದು ಪ್ಯಾಲೆಟ್’ ಎಂದಷ್ಟೇ ಬರೆದಿತ್ತು. ಊರಿಗೆ ನಲವತ್ತಾರು ಪೆಟ್ಟಿಗೆ ತಲುಪಿದಾಗ, ಎಷ್ಟು ಕೊಟ್ಟಿದ್ದೆವೆಂದು ತೋರಿಸಲು ನಮ್ಮ ಕೈಯಲ್ಲಿ ಅವರ ಸಹಿಯಿರುವ ಕಾಗದವೇ ಇರಲಿಲ್ಲ. ಅಂದಿನಿಂದ ‘ಒಂದು ಪ್ಯಾಲೆಟ್, ಒಳಗೆ 48 ಪೆಟ್ಟಿಗೆ’ ಎಂದು ಬರೆಸದೆ ಕಿಟಕಿ ಬಿಟ್ಟಿಲ್ಲ. ಪ್ಯಾಲೆಟ್ ಸರಕಿಗೆ ತುಮಕೂರು ರಸ್ತೆಯ ಅಥವಾ ಹೊಸೂರು ರಸ್ತೆಯ ದೊಡ್ಡ ಗೋದಾಮೇ ಸರಿ, ಮೂವತ್ತು ಕಿಲೋಮೀಟರ್ ಹೆಚ್ಚಾದರೂ.

ಕಾಗದ ಮತ್ತು ಹೊಣೆ

ಸರಕಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ (ಜಿಎಸ್‌ಟಿಗೆ ಸಂಬಂಧಿಸಿದ ಆನ್‌ಲೈನ್ ಸಾಗಣೆ ಪತ್ರ) ಬೇಕೆಂಬುದು ಎಲ್ಲರಿಗೂ ಗೊತ್ತು. ಟರ್ಮಿನಲ್‌ಗೆ ನಾವೇ ಒಯ್ಯುವವರಿಗೆ ಅದರಲ್ಲೊಂದು ಸವಲತ್ತಿದೆ. ರಾಜ್ಯದೊಳಗೆ ನಮ್ಮ ಸ್ಥಳದಿಂದ ಸಾಗಣೆದಾರರ ಸ್ಥಳದವರೆಗಿನ ದೂರ 50 ಕಿಲೋಮೀಟರ್ ಒಳಗಿದ್ದರೆ ಆ ತುಂಡು ಪ್ರಯಾಣಕ್ಕೆ ವಾಹನದ ವಿವರ ಇರುವ ಬಿ ಭಾಗವನ್ನು ತುಂಬಬೇಕಿಲ್ಲ. ಎ ಭಾಗದಲ್ಲಿ ಸಾಗಣೆದಾರರ ಗುರುತಿನ ಸಂಖ್ಯೆ ಹಾಕಿ ಕೊಟ್ಟರೆ ಸಾಕು, ತಮ್ಮ ಲಾರಿ ಹೊರಡುವಾಗ ಬಿ ಭಾಗವನ್ನು ಅವರು ತುಂಬುತ್ತಾರೆ. ಸಿಂಧುತ್ವದ ಗಡಿಯಾರ ಓಡಲು ಶುರುವಾಗುವುದು ಬಿ ಭಾಗ ಮೊದಲ ಬಾರಿ ತುಂಬಿದಾಗಲೇ ಆದ್ದರಿಂದ ಈ ಸವಲತ್ತು ಸಣ್ಣದಲ್ಲ. ಪ್ರತಿ 200 ಕಿಲೋಮೀಟರ್‌ಗೆ ಒಂದು ದಿನದಂತೆ ಹುಬ್ಬಳ್ಳಿಗೆ ಮೂರು ದಿನ ಸಿಗುತ್ತದೆ. ಟೆಂಪೊದ ಸಂಖ್ಯೆಯನ್ನೇ ಬಿ ಭಾಗದಲ್ಲಿ ಹಾಕಿ ಶನಿವಾರ ಸಂಜೆ ಒಪ್ಪಿಸಿದರೆ, ಸರಕು ಗೋದಾಮಿನಲ್ಲಿ ಮಲಗಿದ್ದ ಭಾನುವಾರವೂ ಆ ಮೂರರಲ್ಲಿಯೇ ಕಳೆದುಹೋಗುತ್ತದೆ. ಪೀಣ್ಯದಿಂದ ನೆಲಮಂಗಲಕ್ಕೆ ಒಯ್ಯುವವರಿಗೆ 50 ಕಿಲೋಮೀಟರ್ ಧಾರಾಳ. ಅತ್ತಿಬೆಲೆಯಿಂದ ದಾಬಸ್‌ಪೇಟೆಗೆ ಒಯ್ಯುವವರಿಗೆ ಸಾಲದು. ಹೊಸೂರಿನ ಕಾರ್ಖಾನೆಯಿಂದ ಅತ್ತಿಬೆಲೆಯ ಗೋದಾಮು ಕೂಗಳತೆಯಲ್ಲಿದ್ದರೂ ನಡುವೆ ರಾಜ್ಯದ ಗಡಿ ಇರುವುದರಿಂದ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಹೊಣೆಯ ಮಾತು ಇನ್ನೂ ಕಠಿಣ. ರಸ್ತೆ ಮೂಲಕ ಸಾಗಣೆಗೆ ಸಂಬಂಧಿಸಿದ 2007ರ ಕಾಯ್ದೆ ಮತ್ತು ಅದರಡಿಯ 2011ರ ನಿಯಮಗಳ ಪ್ರಕಾರ, ಹೆಚ್ಚಿನ ಬೆಲೆಯನ್ನು ಮೊದಲೇ ಘೋಷಿಸಿ ಹೆಚ್ಚಿನ ದರ ಕೊಟ್ಟಿರದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಉದಾಹರಣೆಗೆ ಒಂದೂವರೆ ಲಕ್ಷ ರೂಪಾಯಿಯ ಸರಕಿಗೆ 2,500 ರೂಪಾಯಿ ಬಾಡಿಗೆ ಕೊಟ್ಟಿದ್ದರೆ ಕೇಳಬಹುದಾದದ್ದು 25,000. ನಷ್ಟದ ಬಗ್ಗೆ ಬುಕಿಂಗ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ದಾವೆ ಹೂಡುವ ಹಕ್ಕೂ ಇಲ್ಲ. ಇವೆಲ್ಲ ಅವರು ಸರಕನ್ನು ಒಪ್ಪಿಕೊಂಡ ಮೇಲಿನ ಮಾತು. ನಮ್ಮ ಗೇಟಿನಿಂದ ಅವರ ಗೇಟಿನವರೆಗೆ, ಸ್ವಂತ ಗಾಡಿಯಲ್ಲಾದರೆ ಹೊಣೆ ಪೂರ್ತಿ ನಮ್ಮದು; ಬಾಡಿಗೆ ಟೆಂಪೊದಲ್ಲಾದರೆ ಕಾಗದದಲ್ಲಿ ಯಾರದಾಗಿದ್ದರೂ ವಸೂಲಿಯ ಮಟ್ಟಿಗೆ ನಮ್ಮದೇ. ಒಳನಾಡಿನ ಸಾಗಣೆ ವಿಮೆ ಇದ್ದರೆ ಅದು ಈ ಮೊದಲ ತುಂಡನ್ನೂ ಒಳಗೊಳ್ಳುತ್ತದೆಯೇ ಎಂದು ಪಾಲಿಸಿ ತೆರೆದು ನೋಡಿ. ಬಾಗಿಲಿಗೆ ಬಂದು ಒಯ್ಯುವ ವಿಧಾನಕ್ಕೆ ಇರುವ ದೊಡ್ಡ ಅನುಕೂಲ ಇದೇ: ಎಲ್‌ಆರ್ ನಮ್ಮ ಅಂಗಳದಲ್ಲಿಯೇ ಕೈಗೆ ಬಂದರೆ ಹೊಣೆಯೂ ಅಲ್ಲಿಂದಲೇ ಕೈ ಬದಲಾಗುತ್ತದೆ.

ಪೂರ್ತಿ ಲಾರಿ, ಮತ್ತು ಯಾರಿಗೆ ಯಾವುದು

ಪ್ಯಾಲೆಟ್‌ಗಳು ನಾಲ್ಕು ದಾಟಿದವೆಂದರೆ ಟರ್ಮಿನಲ್‌ನ ಯೋಚನೆಯನ್ನೇ ಬಿಟ್ಟು ಹದಿನಾಲ್ಕು ಅಡಿಯ ಲಾರಿಯ ದರವನ್ನು ಕೇಳಿ ನೋಡುವುದು ಒಳ್ಳೆಯದು. ನಮ್ಮಲ್ಲಿ ಒಮ್ಮೆ ಏರಿ ಅಲ್ಲಿ ಒಮ್ಮೆ ಇಳಿಯುವುದರಿಂದ ಗಾಜು, ಪಿಂಗಾಣಿ, ಬಣ್ಣ ಬಳಿದ ಭಾಗಗಳಿಗೆ ಇದಕ್ಕಿಂತ ಕ್ಷೇಮದ ದಾರಿಯಿಲ್ಲ. ಎರಡು ಪ್ಯಾಲೆಟ್ಟಿಗೆ ಇದು ದುಬಾರಿ, ಆದರೆ ಒಡೆದರೆ ಮತ್ತೆ ತಯಾರಿಸಲು ತಿಂಗಳು ಹಿಡಿಯುವ ಸರಕಾದರೆ ದುಬಾರಿಯನ್ನೂ ಒಪ್ಪಿಕೊಳ್ಳಬಹುದು.

ಉಳಿದವರಿಗೆ ನನ್ನ ಸಲಹೆ ಹೀಗಿದೆ. ಫೋರ್ಕ್‌ಲಿಫ್ಟ್ ಇಲ್ಲದೆ, ತಿಂಗಳಿಗೆ ಒಂದೆರಡು ಪ್ಯಾಲೆಟ್ ಕಳುಹಿಸುವ ರಾಜಾಜಿನಗರದ ಅಥವಾ ಕಾಮಾಕ್ಷಿಪಾಳ್ಯದ ಘಟಕದವರು ತೆರೆದ ಟೆಂಪೊ ಮೇಲೆಯೇ ಪ್ಯಾಲೆಟ್ ಕಟ್ಟಿ ದೊಡ್ಡ ಗೋದಾಮಿಗೆ ಒಯ್ಯುವುದು ಉತ್ತಮ, ಏಕೆಂದರೆ ಬಾಗಿಲಿಗೆ ಬರುವ ಗಾಡಿಗೆ ಹೇಗೂ ಕೈಯಿಂದಲೇ ತುಂಬಬೇಕು, ಅಲ್ಲಿ ಪ್ಯಾಲೆಟ್ ಪ್ಯಾಲೆಟ್ಟಾಗಿ ಉಳಿಯುವ ಭರವಸೆಯಿಲ್ಲ. ಪೀಣ್ಯ, ದಾಸನಪುರದ ಕಡೆಯವರಿಗೆ ಗೋದಾಮು ಹತ್ತಿರವಿರುವುದರಿಂದ, ತುರ್ತು ಸರಕನ್ನು ನಾವೇ ಒಯ್ಯುವುದು, ಉಳಿದದ್ದಕ್ಕೆ ಅವರ ಗಾಡಿ ಕರೆಯುವುದು ಎಂಬ ಮಿಶ್ರ ಪದ್ಧತಿ ಒಗ್ಗುತ್ತದೆ. ಬೊಮ್ಮಸಂದ್ರ, ಜಿಗಣಿಯವರು ತಮಿಳುನಾಡಿಗೆ ಕಳುಹಿಸುವ ಸರಕನ್ನು ಹೊಸೂರು ರಸ್ತೆಯ ಕಡೆಯ ಗೋದಾಮಿಗೆ ತಾವೇ ಕೊಡಬಹುದು. ಪುಣೆಗೋ ಹುಬ್ಬಳ್ಳಿಗೋ ಹೋಗುವುದನ್ನು ನೈಸ್ ರಸ್ತೆಯ ಸುಂಕ ಕಟ್ಟಿ ನೆಲಮಂಗಲದವರೆಗೆ ಎಳೆದೊಯ್ಯುವುದಕ್ಕಿಂತ ಸಂಸ್ಥೆಯ ಗಾಡಿಗೆ ಬಿಡುವುದು ಮೇಲು. ಹೊರದೇಶಕ್ಕೆ ಹೋಗುವ ಸರಕಾದರೆ ಇನ್ನೊಂದು ಮಾತು: ಮರದ ಪ್ಯಾಲೆಟ್ ಮೇಲೆ, ಮರದಲ್ಲಿ ಕೀಟಗಳು ದೇಶ ದಾಟದಂತೆ ತಡೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಪಿಎಂ 15ರ ಮುದ್ರೆ ಇರಬೇಕು. ಶಾಖದಿಂದ ಸಂಸ್ಕರಿಸುವುದಾದರೆ ಮರದ ತಿರುಳಿನಲ್ಲಿ 56 ಡಿಗ್ರಿ ಸೆಲ್ಸಿಯಸ್ ಶಾಖ 30 ನಿಮಿಷ ನಿಂತಿರಬೇಕೆಂಬುದು ಅದರ ನಿಯಮ. ಮುದ್ರೆಯಿಲ್ಲದ ಪ್ಯಾಲೆಟ್ಟನ್ನು ವೈಟ್‌ಫೀಲ್ಡಿನ ಕಂಟೇನರ್ ಡಿಪೊವರೆಗೆ ಯಾವ ಗಾಡಿಯಲ್ಲಿ ಒಯ್ದರೂ ವ್ಯರ್ಥ.

ಒಯ್ಯುವುದೆಂದು ನಿಶ್ಚಯಿಸಿದ ದಿನ ಬೆಳಿಗ್ಗೆಯೇ ಟರ್ಮಿನಲ್‌ಗೆ ಫೋನು ಮಾಡಿ, ಇಂದು ಫೋರ್ಕ್‌ಲಿಫ್ಟ್ ಓಡುತ್ತಿದೆಯೇ, ಇಳಿಸುವ ಹಮಾಲಿ ಯಾರದು, ಈ ಊರಿನ ಲಾರಿಗೆ ಗಡುವು ಎಷ್ಟು ಗಂಟೆ, ನಾವೇ ತಂದುಕೊಟ್ಟರೆ ಬಾಡಿಗೆಯಲ್ಲಿ ಎಷ್ಟು ಕಡಿತ ಎಂದು ಕೇಳಿ, ಉತ್ತರ ಕೊಟ್ಟವರ ಹೆಸರನ್ನು ಎಲ್‌ಆರ್ ಕಡತದಲ್ಲಿ ಬರೆದಿಟ್ಟುಕೊಳ್ಳಿ. ಕಡಿತದ ಪ್ರಶ್ನೆಯನ್ನು ನೀವಾಗಿ ಕೇಳದಿದ್ದರೆ ಅವರಾಗಿ ಅದನ್ನು ಹೇಳುವುದು ಕಡಿಮೆ.